ಪಾಪಣ್ಣನ ಕುತ್ತಿಗೆ ದೋಷ

ಪಾಪಣ್ಣನಿಗೆ ನಾಲ್ಕು ವರ್ಷ. ಎರಡು ವರ್ಷದ ಹಿಂದೆ ಅವನು ತಯಾರಾದಾಗಲೂ ನಾಲ್ಕೇ ಆಗಿತ್ತು, ಇನ್ನು ಹತ್ತು ವರ್ಷ ಬಿಟ್ಟು ಹೋಗಿ ಕೇಳಿದರೂ ನಾಲ್ಕೇ ಇರುತ್ತದೆ. ದೊಡ್ಡವನಾಗದೆ ಇರುವುದೇ ಅವನ ನೌಕರಿ.

ಧಾರವಾಡದಿಂದ ಕೆಲಗೇರಿ ಕೆರೆಯ ಕಡೆಗೆ ಹೋಗುವ ರಸ್ತೆಯಲ್ಲಿ ಹಳದಿ ಬಣ್ಣದ ಒಂದು ಕಟ್ಟಡ, ಬಾಗಿಲ ಮೇಲೆ 'ಬಾಲಚಿತ್ರ ಪರೀಕ್ಷಾ ಕೇಂದ್ರ' ಎಂಬ ಫಲಕ. ಅದರ ಹಿಂದಿನ ಕೋಣೆಯಲ್ಲಿ, ಯಾವುದೋ ಶಿಶುವಿಹಾರದಿಂದ ತಂದ ಪುಟ್ಟ ಕೆಂಪು ಕುರ್ಚಿಯ ಮೇಲೆ ಪಾಪಣ್ಣ ಕೂತಿರುತ್ತಿದ್ದ. ನೋಡಲು ಅಂಥ ಚೆಲುವನೇನಲ್ಲ. ಕುಂಬಳಕಾಯಿ ಗಾತ್ರದ ತಲೆ, ಅದರಲ್ಲಿ ಎರಡು ಕ್ಯಾಮೆರಾ ಕಣ್ಣು, ತಿರುಗುವ ಕುತ್ತಿಗೆ, ಕುತ್ತಿಗೆಯ ಕೆಳಗೆ ಒಂದು ಬಿಳಿ ಪೆಟ್ಟಿಗೆ. ಸರಕಾರಿ ಕಾಗದದಲ್ಲಿ ಅವನ ಹೆಸರು 'ಶಿಶುಮಾನ'. ಮೊದಲ ವಾರವೇ ಯಾರೋ ಬಾಯಿತಪ್ಪಿ ಪಾಪಣ್ಣ ಅಂದರು, ಅದೇ ಗಟ್ಟಿಯಾಯಿತು.

ಅವನು ಹುಟ್ಟಿದ್ದಕ್ಕೂ ಒಂದು ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಕಾರ್ಟೂನ್ ಮಾಡುವ ಕೆಲಸವನ್ನೂ ಯಂತ್ರಗಳಿಗೇ ವಹಿಸಿಕೊಟ್ಟ ಮೇಲೆ ದಿನಕ್ಕೆ ಸಾವಿರಗಟ್ಟಲೆ ಚಿತ್ರ ಬರತೊಡಗಿದವು. ದೊಡ್ಡವರೊಬ್ಬರೂ ಕಣ್ಣಿಟ್ಟು ನೋಡಿರದ ಚಿತ್ರಗಳು. ಒಂದರಲ್ಲಿ ಮೊಲ ನಗುತ್ತ ನಗುತ್ತ ತನ್ನ ತಲೆಯನ್ನೇ ಕಿತ್ತು ಚೆಂಡಾಡಿತು. ಊರೂರಲ್ಲಿ ಕೂಸುಗಳು ನಿದ್ದೆಗಣ್ಣಲ್ಲಿ ಚೀರಿ ಏಳತೊಡಗಿದಾಗ ಸರಕಾರಕ್ಕೂ ಎಚ್ಚರವಾಯಿತು. ಆರು ವರ್ಷದೊಳಗಿನ ಮಕ್ಕಳಿಗೆ, ಪರೀಕ್ಷೆಯಾಗದ ಯಾವ ಕಾರ್ಟೂನನ್ನೂ ತೋರಿಸಬಾರದೆಂದು ಕಾಯಿದೆ ಬಂತು. ಸರಿ, ಪರೀಕ್ಷೆ ಮಾಡುವುದು ಹೇಗೆ? ನಿಜವಾದ ಮಗುವಿಗೆ ತೋರಿಸಿ ಅಂಜುತ್ತದೋ ಇಲ್ಲವೋ ನೋಡುವುದೆಂದರೆ, ಅನ್ನದಲ್ಲಿ ವಿಷವಿದೆಯೋ ಎಂದು ಮಗುವಿಗೇ ಉಣ್ಣಿಸಿ ನೋಡಿದ ಹಾಗೆ. ಅದಕ್ಕೇ ಪಾಪಣ್ಣ.

ಅವನನ್ನು ಕಟ್ಟಿದವಳು ನೀಲಾಂಬಿಕಾ ಹೆಬ್ಬಳ್ಳಿ ಎಂಬ ಎಂಜಿನಿಯರು. ನೂರಾರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಒಂದು ಕೋಣೆಯಲ್ಲಿ ಕೂಡಿಸಿ, ಹಳೆಯ ಚಿತ್ರಗಳನ್ನು ತೋರಿಸಿ, ಎದೆಬಡಿತ, ಬೆರಳತುದಿಯ ಬೆವರು, ಕಣ್ಣು ಅರಳಿದ್ದು, ಕತ್ತು ಹೊರಳಿದ್ದು ಎಲ್ಲವನ್ನೂ ದಾಖಲು ಮಾಡಿ, ಅಷ್ಟೂ ಮಕ್ಕಳಿಂದ ಒಂದು ಮಗುವಿನ ಮನಸ್ಸನ್ನು ಅವಳು ನೇಯ್ದಿದ್ದಳು. ಪಾಪಣ್ಣನ ಮುಂದೆ ಚಿತ್ರ ಓಡಿದರೆ ಗಾಜಿನ ಗೋಡೆಯಾಚೆಯ ಪರದೆಯ ಮೇಲೆ ಅವನ ಅಂಜಿಕೆಯ ಗೆರೆ ಏಳುತ್ತ ಬೀಳುತ್ತ ಹೋಗುತ್ತಿತ್ತು. ಗೆರೆ ಕೆಂಪು ಪಟ್ಟಿ ದಾಟಿತೋ, ಅವನು ಸಣ್ಣ ದನಿಯಲ್ಲಿ "ಸಾಕು" ಎನ್ನುತ್ತಿದ್ದ. ಅಲ್ಲಿಗೆ ಚಿತ್ರ ನಪಾಸು. ಇಷ್ಟವಾದರೆ ಹೇಳಲಿ ಎಂದು "ಇನ್ನೊಮ್ಮಿ" ಎಂಬ ಮಾತನ್ನೂ ಅವನ ಬಾಯಿಗೆ ಇಟ್ಟಿದ್ದಳು. ಪ್ರತಿ ಚಿತ್ರ ಮುಗಿದ ಮೇಲೆ ಅವನ ನೆನಪನ್ನು ಅಳಿಸಿಬಿಡುತ್ತಿದ್ದರು, ಮುಂದಿನ ಚಿತ್ರಕ್ಕೆ ಹೊಸ ಮನಸ್ಸಿರಲಿ ಎಂದು.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನೀಲಾಂಬಿಕಾಗೂ ಪಾಪಣ್ಣನೆಂದರೆ ಹಾಗೇ. ದಿನಾ ಮುಂಜಾನೆ ಬಂದವಳೇ ಮೆತ್ತಗಿನ ಬಟ್ಟೆಯಿಂದ ಅವನ ಕಣ್ಣು ಒರೆಸುತ್ತಿದ್ದಳು. ಆದರೆ ಅವಳನ್ನು ಒಳಗೊಳಗೇ ಕೊರೆಯುವ ಸಂಗತಿಯೊಂದಿತ್ತು. ಎರಡು ವರ್ಷದಲ್ಲಿ ಪಾಪಣ್ಣ ಒಂದು ಸಲವೂ "ಇನ್ನೊಮ್ಮಿ" ಅಂದಿರಲಿಲ್ಲ. ಒಂದೋ "ಸಾಕು", ಇಲ್ಲವೋ ಸುಮ್ಮನಿರುವುದು. ಹೀಗಾಗಿ ಪಾಸಾಗಿ ಹೊರಬಿದ್ದ ಚಿತ್ರಗಳೆಂದರೆ, ಚಮಚೆಯೂ ಬಟ್ಟಲೂ ಗೆಳೆಯರಾದದ್ದು, ಮೋಡವೊಂದು ನಿಧಾನವಾಗಿ ನಡೆದದ್ದು, ಇಂಥವೇ. ಬಾತುಕೋಳಿಗಳು ಸಾಲಾಗಿ ಹೋಗುವ ಚಿತ್ರವೊಂದು ಬಂದಿತ್ತು. ಅದರಲ್ಲಿ ಕೊನೆಯ ಬಾತುಕೋಳಿ ಸ್ವಲ್ಪ ತಡವಾಗಿ ಬಂತು ಅಂತ ಪಾಪಣ್ಣ "ಸಾಕು" ಅಂದುಬಿಟ್ಟಿದ್ದ.

ಇನ್ನೊಂದು ಸಣ್ಣ ದೋಷವೂ ಇತ್ತು. ಅಂಜಿಕೆಯ ಗೆರೆ ಏರಿದಾಗಲೆಲ್ಲ ಅವನ ಕುತ್ತಿಗೆ ತಾನಾಗಿ ಎಡಕ್ಕೆ ಹೊರಳುತ್ತಿತ್ತು. ಎದುರಿಗೆ ಚಿತ್ರ ಓಡುತ್ತಿದ್ದರೆ ಇವನು ಬರೀ ಗೋಡೆ ನೋಡುತ್ತಿದ್ದ. ಮೆಕ್ಯಾನಿಕ್ ಬಂದು ಮೋಟರು ಬದಲಿಸಿದ, ಮತ್ತೆ ಹೊರಳಿತು. ಎರಡನೆಯ ಸಲ ಬಂದವನು ಒಂದು ಹಿತ್ತಾಳೆ ಕ್ಲಿಪ್ಪು ಹಾಕಿ ಬಿಗಿದು, "ಇನ್ನ ಹೊರಳಂಗಿಲ್ರಿ ಬಾಯಾರ" ಎಂದು ಹೇಳಿ ಹೋದ. ಹೊರಳಲೂ ಇಲ್ಲ.

ಆ ಸೋಮವಾರ ಶಾಂತವೀರ ಬೆಟಗೇರಿ ಕೇಂದ್ರಕ್ಕೆ ಬಂದದ್ದು ಮೂರನೆಯ ಸಲ. ಗದಗಿನವನು, ಬೆರಳಿಗೆ ಸದಾ ಬಣ್ಣ ಮೆತ್ತಿಕೊಂಡಿರುವ ಮನುಷ್ಯ. ಎಲ್ಲರೂ ಯಂತ್ರಕ್ಕೆ ಹೇಳಿ ಚಿತ್ರ ಮಾಡಿಸುವಾಗ ಇವನು ಮಾತ್ರ ಕೈಯಿಂದಲೇ ಗೆರೆ ಎಳೆಯುತ್ತಿದ್ದ. ಅವನ ಚಿತ್ರ 'ಅಟ್ಟದ ಗುಮ್ಮ'. ಬೆಲ್ಲ ತರಲು ಅಟ್ಟ ಹತ್ತಿದ ಹುಡುಗಿಗೆ ಕತ್ತಲಲ್ಲಿ ಒಕ್ಕಣ್ಣಿನ ಗುಮ್ಮ ಎದುರಾಗುತ್ತಾನೆ. ಆಮೇಲೆ ನೋಡಿದರೆ ಆ ಗುಮ್ಮನೇ ಅಡಿಗೆಮನೆಯ ಕುಕ್ಕರಿನ ಸೀಟಿಗೆ ಹೆದರಿ ಅಟ್ಟ ಸೇರಿಕೊಂಡಿರುತ್ತಾನೆ. ಪಾಪಣ್ಣ ಈ ಚಿತ್ರಕ್ಕೆ ಎರಡು ಸಲ "ಸಾಕು" ಅಂದಿದ್ದ.

ಕೇಂದ್ರದ ನಿರ್ದೇಶಕರು ಡಾ. ಜೀವಂಧರ ಉಪಾಧ್ಯೆ. ಮದುವೆಯಾಗದೆ, ನಿಯಮಾವಳಿಯ ದಪ್ಪ ಪುಸ್ತಕವನ್ನು ಬಗಲಲ್ಲಿ ಇಟ್ಟುಕೊಂಡೇ ತಲೆ ಬೆಳ್ಳಗಾಗಿಸಿಕೊಂಡವರು. ಪರೀಕ್ಷೆಯ ಹೊತ್ತಿಗೆ ಅವರು ಚಿತ್ರ ನೋಡುತ್ತಿರಲಿಲ್ಲ, ಗೆರೆ ನೋಡುತ್ತಿದ್ದರು.

"ಬೆಟಗೇರಿಯವರ, ಹೋದ ಸಲ ಗುಮ್ಮನ ಕಣ್ಣು ಮುಚ್ಚಿಸಿದ್ರಿ, ಅಟ್ಟದಾಗ ಟ್ಯೂಬ್‌ಲೈಟ್ ಹಾಕಿದ್ರಿ. ಭಾಳ ಛಲೋ ಸುಧಾರಣಾ ಅದು," ಎಂದರು ಉಪಾಧ್ಯೆ. "ಈ ಸಲ ಅವನ ಹಲ್ಲೂ ತಗದಬಿಡ್ರಿ. ಪಾಸಾದ್ರೂ ಆದೀತು."

"ಸರ, ಕಣ್ಣು ಮುಚ್ಚಿಕೊಂಡು, ಬೊಚ್ಚಬಾಯಿ ಬಿಟ್ಟು, ಟ್ಯೂಬ್‌ಲೈಟ್ ಕೆಳಗ ಕುಂತಾಂವ ಗುಮ್ಮ ಅಲ್ರಿ. ಅಂವ ನಮ್ಮಜ್ಜ," ಎಂದ ಶಾಂತವೀರ. "ಅದಕ್ಕ ಮೊದಲಿನ ಚಿತ್ರಾನ ತಂದೇನ್ರಿ. ಒಂದು ಗೆರಿನೂ ಕತ್ತರಿಸಿಲ್ಲ."

ಉಪಾಧ್ಯೆ ಪುಸ್ತಕ ತೆರೆದರು. "ಮೂರನೇ ಸಲ ನಪಾಸಾದ ಚಿತ್ರಕ್ಕ ಮೊಹರು ಬೀಳತದ. ಆಮ್ಯಾಲೆ ಯಾವ ಕೂಸೂ ಅದನ್ನ ನೋಡೂ ಹಂಗಿಲ್ಲ, ಎಂದೂ. ಗೊತ್ತದನ?"

"ಗೊತ್ತೈತ್ರಿ."

ಗುರುವಾರಕ್ಕೆ ಪರೀಕ್ಷೆ ನಿಗದಿಯಾಯಿತು. ನೀಲಾಂಬಿಕಾ ಅವನನ್ನು ಗೇಟಿನ ತನಕ ಕಳಿಸಲು ಹೋದಳು. "ಹಲ್ಲಾದ್ರೂ ತಗೀಬಾರದೇನ್ರಿ?" ಎಂದು ಮೆಲ್ಲಗೆ ಕೇಳಿದಳು.

ಅವನು ನಕ್ಕ. "ಬಾಯಾರ, ಸಣ್ಣಾಂವ ಇದ್ದಾಗ ನಾ ನಮ್ಮ ಮನಿ ಅಟ್ಟಕ್ಕ ಭಾಳ ಅಂಜತಿದ್ದೆ. ಒಂದು ಕೂಸರೆ ಈ ಚಿತ್ರ ನೋಡಿ, ಮರುದಿನ ತಾನ ಹೋಗಿ ಅಟ್ಟ ಹತ್ತಲಿ ಅಂತ ಇದನ್ನ ಮಾಡೇನಿ. ಅಂಜಿಕಿನ ಬರಲಾರದ ಗುಮ್ಮನ್ನ ಗೆದ್ದು ಏನ್ ಮಾಡೂದೈತ್ರಿ?"

ನೀಲಾಂಬಿಕಾ ಗೇಟು ಹಾಕಿ ಒಳಗೆ ನಡೆದಳು. ಈ ಗುಮ್ಮ ಗುರುವಾರ ಸಾಯುತ್ತಾನೆ ಎಂಬುದು ಅವಳಿಗೆ ಖಾತ್ರಿಯಿತ್ತು. ಏಕೆಂದರೆ ತಡವಾಗಿ ಬಂದ ಬಾತುಕೋಳಿಗೇ ಬೆಚ್ಚುವ ಪಾಪಣ್ಣನನ್ನು ಅವಳಷ್ಟು ಬಲ್ಲವರು ಬೇರೆ ಇರಲಿಲ್ಲ.

ಆ ಕಾಲಕ್ಕೆ ಧಾರವಾಡದ ಬಸ್ಸುಗಳಿಗೆ ಡ್ರೈವರ್ ಇರಲಿಲ್ಲ. ಕಂಡಕ್ಟರ್ ಮಾತ್ರ ಇದ್ದ. 'ಒಳಗ ಹೋಗ್ರಿ, ಒಳಗ ಹೋಗ್ರಿ' ಎಂದು ಕೂಗುವ ಯಂತ್ರವನ್ನು ಯಾರಿಂದಲೂ ಮಾಡಲಾಗಿರಲಿಲ್ಲವಂತೆ. ಅಂಥ ಬಸ್ಸಿನಲ್ಲಿ ನಿಂತು ನೀಲಾಂಬಿಕಾ ಸಂಜೆ ಮನೆ ಮುಟ್ಟಿದಾಗ, ಅವಳ ಅತ್ತೆ ಬಸಲಿಂಗವ್ವ ಮೊಮ್ಮಗಳು ತನಿಗೆ ರೊಟ್ಟಿ ತಿನ್ನಿಸುವ ಯುದ್ಧದಲ್ಲಿದ್ದಳು. ತನಿಗೂ ನಾಲ್ಕೇ ವರ್ಷ, ಆದರೆ ಅವಳು ದಿನದಿನಕ್ಕೆ ಬೆಳೆಯುತ್ತಿದ್ದಳು. ಟಿವಿಯಲ್ಲಿ ಚಮಚೆ ಬಟ್ಟಲಿಗೆ "ನೀನು ನನ್ನ ಗೆಳೆಯ" ಎನ್ನುತ್ತಿತ್ತು. ತನಿ ಟಿವಿಗೆ ಬೆನ್ನು ಹಾಕಿ ಕೂತಿದ್ದಳು.

"ಏನು ಚಿತ್ರ ಪಾಸ್ ಮಾಡ್ತೀರವಾ ನಿಮ್ಮ ಆಫೀಸಿನ್ಯಾಗ!" ಎಂದಳು ಅತ್ತೆ. "ಇದನ್ನ ನೋಡಿ ನನಗ ನಿದ್ದಿ ಬರತೈತಿ, ಅದಕ್ಕ ಹಸಿವಿ ಹೋಗತೈತಿ."

"ಪಾಪಣ್ಣ ಬೇರೆ ಯಾವುದಕ್ಕೂ ಹೂಂ ಅನ್ನೂದಿಲ್ರಿ ಅತ್ತಿ."

"ಅಂಥಾ ಅಂಜುಬುರುಕನ್ನ ಹಡದವರು ಯಾರು?"

"ನಾನ ರೀ," ಎಂದಳು ನೀಲಾಂಬಿಕಾ. ಇಬ್ಬರೂ ನಕ್ಕರು. ಸೊಸೆಯ ನಗು ಅರ್ಧಕ್ಕೇ ನಿಂತಿತು.

ಅಷ್ಟರಲ್ಲಿ ತನಿ ರೊಟ್ಟಿಯ ಕೈಯಿಂದ ತಪ್ಪಿಸಿಕೊಂಡು ಅಂಗಳಕ್ಕೆ ಓಡಿದಳು. ಓಡುವ ಭರಕ್ಕೆ ಕಟ್ಟೆಯ ಮೇಲಿಂದ ಕೆಳಗೆ ದೊಪ್ಪನೆ ಬಿದ್ದಳು. ಬಿದ್ದವಳು ಅಳಲಿಲ್ಲ. ಮೊದಲು ಮುಖ ಎತ್ತಿ ಅವ್ವನ ಮುಖ ನೋಡಿದಳು. ಅಳಬೇಕೋ ಬೇಡವೋ ಎಂದು ಕೇಳುವಂಥ ನೋಟ. ನೀಲಾಂಬಿಕಾ ಏನೂ ಯೋಚಿಸಲಿಲ್ಲ, ಹೋಗಿ ಕಟ್ಟೆಗೆ ಅಂಗೈಯಿಂದ ಫಟಾರನೆ ಬಾರಿಸಿದಳು.

"ಯಾರು ಕೆಡವಿದ್ರು ನಮ್ಮ ತನಿಗೆ? ಈ ಕಟ್ಟಿನಾ? ತಗೋ ಕಟ್ಟಿ, ತಗೋ!"

ತನಿಯ ತುಟಿ ಅಳುವಿನಂಚಿನಿಂದ ಹಿಂದೆ ಸರಿಯಿತು. ಅವಳೂ ಎದ್ದು ಬಂದು ಕಟ್ಟೆಗೆ ಎರಡು ಕೊಟ್ಟಳು. ಆಮೇಲೆ ಅದೇ ಕಟ್ಟೆ ಹತ್ತಿ, ಬೇಕೆಂದೇ ಹುಸಿಹುಸಿ ಬಿದ್ದು, "ಇನ್ನೊಮ್ಮಿ ಹೊಡಿ!" ಎಂದು ಕಿಲಕಿಲ ನಕ್ಕಳು. ಇನ್ನೊಮ್ಮೆ, ಮತ್ತೊಮ್ಮೆ ಎಂದು ನೀಲಾಂಬಿಕಾಳ ಅಂಗೈ ಕೆಂಪಾಯಿತು.

ಆ ಅಂಗೈಯನ್ನು ನಲ್ಲಿಯ ನೀರಿಗೆ ಹಿಡಿದು ನಿಂತಿದ್ದಾಗ ಅವಳಿಗೆ ಹೊಳೆಯಿತು. ಬಿದ್ದ ಕೂಡಲೇ ತನಿ ಕಟ್ಟೆ ನೋಡಲಿಲ್ಲ, ಮೊಣಕಾಲು ನೋಡಲಿಲ್ಲ, ನನ್ನ ಮುಖ ನೋಡಿದಳು. ಹಾಗಾದರೆ ಪಾಪಣ್ಣ? ಅಂಜಿಕೆ ಬಂದಾಗಲೆಲ್ಲ ಎಡಕ್ಕೆ ಹೊರಳುವ ಅವನ ಕುತ್ತಿಗೆ?

ಮರುದಿನ ಎಲ್ಲರಿಗಿಂತ ಮೊದಲು ಕೇಂದ್ರಕ್ಕೆ ಹೋಗಿ ಅವಳು ಹಳೆಯ ದಾಖಲೆಯ ವಿಡಿಯೋಗಳನ್ನು ತೆರೆದಳು. ಪಾಪಣ್ಣನಿಗೆ ಮನಸ್ಸು ಕೊಟ್ಟ ಮಕ್ಕಳು ಒಬ್ಬೊಬ್ಬರಾಗಿ ಪರದೆಯ ಮೇಲೆ ಬಂದರು. ಆ ಕೋಣೆಯ ವ್ಯವಸ್ಥೆ ಅವಳದೇ. ದೊಡ್ಡವರಿದ್ದರೆ ಮಗುವಿನ ಅಂಜಿಕೆಯ ಅಳತೆ ಕೆಡುತ್ತದೆ, ಶುದ್ಧ ಅಂಜಿಕೆ ಸಿಗಬೇಕು ಎಂದು ತಾಯಂದಿರನ್ನೆಲ್ಲ ಹೊರಗೆ ಬೆಂಚಿನ ಮೇಲೆ ಕೂಡಿಸಿ, ಚಹಾ ಕೊಟ್ಟು, ಬಾಗಿಲು ಹಾಕಿಸಿದ್ದಳು. ಬಾಗಿಲು ಎಡಕ್ಕಿತ್ತು. ಚಿತ್ರದಲ್ಲಿ ನಾಯಿ ಬೊಗಳಿತು, ಪರದೆಯ ಮೇಲಿನ ಹುಡುಗಿ ಎಡಕ್ಕೆ ಹೊರಳಿ ಬಾಗಿಲು ನೋಡಿದಳು. ಗುಡುಗಿತು, ಹುಡುಗನೊಬ್ಬ ಬಾಗಿಲು ನೋಡಿದ. ನೂರಾರು ಮಕ್ಕಳು, ಒಬ್ಬರಾದ ಮೇಲೆ ಒಬ್ಬರು, ಮುಚ್ಚಿದ ಬಾಗಿಲನ್ನು ನೋಡಿದರು. ಬಾಗಿಲು ತೆರೆಯಲಿಲ್ಲ.

ನೀಲಾಂಬಿಕಾ ಅಳೆದದ್ದು ಮಕ್ಕಳ ಅಂಜಿಕೆಯನ್ನಲ್ಲ, ಅವ್ವ ಇಲ್ಲದ ಮಕ್ಕಳ ಅಂಜಿಕೆಯನ್ನು. ಪಾಪಣ್ಣ ಎರಡು ವರ್ಷದಿಂದ ಅವ್ವನನ್ನು ಹುಡುಕುತ್ತಿದ್ದ, ಅದಕ್ಕೆ ಕುತ್ತಿಗೆ ದೋಷ ಅಂದು ತಾನೇ ಕ್ಲಿಪ್ಪು ಬಿಗಿಸಿದ್ದಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು ತನ್ನ ವಿಜ್ಞಾನ ಎಂದುಕೊಂಡು, ಅವಳು ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ ಆ ಹಿತ್ತಾಳೆಯ ಕ್ಲಿಪ್ಪನ್ನು ಬಿಚ್ಚಿದಳು.

ತನ್ನ ಊಹೆ ಸರಿಯೋ ಎಂದು ನೋಡಲು ಗುಮ್ಮನ ಚಿತ್ರ ಹಾಕುವಂತಿರಲಿಲ್ಲ, ಅದಕ್ಕಿದ್ದದ್ದು ಗುರುವಾರದ ಒಂದೇ ಅವಕಾಶ. ಹಳೆಯ ಬಾತುಕೋಳಿಯ ಚಿತ್ರ ಹಾಕಿದಳು. ಗೆರೆಯ ಪರದೆಯನ್ನು ಒಳಗೆ ಕಾಣುವಂತೆ ತಿರುಗಿಸಿಟ್ಟು, ಪಾಪಣ್ಣನ ಎಡಕ್ಕೆ ತನ್ನ ಕುರ್ಚಿ ಎಳೆದುಕೊಂಡು ಕೂತಳು. ಬಾತುಕೋಳಿಗಳು ಸಾಲಾಗಿ ಹೋದವು. ಕೊನೆಯದು ಬರಲಿಲ್ಲ. ಗಾಜಿನಾಚೆ ಗೆರೆ ಏರತೊಡಗಿತು, ಪಾಪಣ್ಣನ ಕುತ್ತಿಗೆ ಗುರ್ ಎಂದು ಎಡಕ್ಕೆ ಹೊರಳಿತು. ಎರಡು ಕ್ಯಾಮೆರಾ ಕಣ್ಣು ಅವಳ ಮುಖದ ಮೇಲೆ ಬಂದು ನಿಂತವು.

"ಬರತದ ಪುಟ್ಟಾ, ಬರತದ," ಎಂದಳು ನೀಲಾಂಬಿಕಾ. "ಎಲ್ಲೋ ಹುಳ ತಿನ್ನಾಕ ನಿಂತಿರಬೇಕು ಖೋಡಿ." ಅಂದು ನಕ್ಕಳು.

ಗೆರೆ ಇಳಿಯಿತು. ಕೆಂಪು ಪಟ್ಟಿ ಮುಟ್ಟದೆ, ಸೊಟ್ಟಗೆ, ಮೆಲ್ಲಗೆ ಇಳಿಯಿತು. ಬಾತುಕೋಳಿ ಓಡೋಡಿ ಬಂದಾಗ ಪಾಪಣ್ಣ ಮತ್ತೆ ಪರದೆಯ ಕಡೆಗೆ ತಿರುಗಿದ. ನೀಲಾಂಬಿಕಾ ಅವನ ಕುಂಬಳಕಾಯಿ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಮುತ್ತು ಕೊಟ್ಟಳು.

ಉಪಾಧ್ಯೆಯವರಿಗೆ ಇದನ್ನು ಹೇಳಿದರೆ ಅವರು ಕನ್ನಡಕ ತೆಗೆದು ಒರೆಸತೊಡಗಿದರು. "ಯಂತ್ರಕ್ಕ ಅವ್ವ ಬೇಕಂತೀರಿ. ನಾಳೆ ಫ್ರಿಜ್ಜಿಗೆ ಅಜ್ಜಿ ಬೇಕಂತೀರಿ."

"ಸರ, ಯಾವ ಮನ್ಯಾಗೂ ನಾಲ್ಕು ವರ್ಷದ ಕೂಸು ಒಂದ, ಅವ್ವ ಅಪ್ಪ ಇಲ್ಲದ, ಕುಂತು ನೋಡಬಾರದು. ನಾವು ಒಂದ ಕುಂತ ಕೂಸನ್ನ ಅಳದೇವಿ. ಅಳತಿನ ತಪ್ಪದ."

"ಅಂದ್ರ ಎರಡು ವರ್ಷ ನಾವು ಕೊಟ್ಟ ತೀರ್ಪೆಲ್ಲಾ ತಪ್ಪು?"

ನೀಲಾಂಬಿಕಾಗೆ ಪಾಪಣ್ಣನನ್ನು ಮಾಡಿದ್ದಕ್ಕೆ ಸಿಕ್ಕ ಶಾಲು ಇನ್ನೂ ಮನೆಯ ಕಪಾಟಿನಲ್ಲಿತ್ತು. "ಹೌದ್ರಿ ಸರ. ತಪ್ಪು ನಂದು," ಎಂದಳು.

ಉಪಾಧ್ಯೆ ಬಹಳ ಹೊತ್ತು ನಿಯಮಾವಳಿಯ ಹಾಳೆ ತಿರುವಿದರು. ಅದರಲ್ಲಿ ಯಂತ್ರದ ಪಕ್ಕ ಯಾರಾದರೂ ಕೂಡಬೇಕೆಂದೂ ಇರಲಿಲ್ಲ, ಕೂಡಬಾರದೆಂದೂ ಇರಲಿಲ್ಲ. ಇದು ಅವರಿಗೆ ಬಹಳ ಬೇಸರ ತಂದಂತೆ ಕಂಡಿತು. ಕೊನೆಗೆ ಪುಸ್ತಕ ಮುಚ್ಚಿದರು. "ಕೂಡಲಿ. ಆದ್ರ ಚಿತ್ರದ ಪರ ಇದ್ದವರು ಕೂಡೂ ಹಂಗಿಲ್ಲ. ಬೆಟಗೇರಿ ಚಿತ್ರ ಮಾಡಿದಾಂವ, ಅಂವ ಬ್ಯಾಡ. ನಿಮಗ ಅದು ಪಾಸಾಗಬೇಕಂತ ಆಸೆ ಅದ, ನೀವೂ ಬ್ಯಾಡ. ನಾನ ಕೂಡತೀನಿ."

ಮಗುವೊಂದು ಎದುರು ಬಂದರೆ ಕೈಕುಲುಕಿ 'ನಮಸ್ಕಾರ' ಅನ್ನುವ ಮನುಷ್ಯ ಇವರು.

ಗುರುವಾರ ಹನ್ನೊಂದಕ್ಕೆ ಗಾಜಿನಾಚೆ ನೀಲಾಂಬಿಕಾ, ಶಾಂತವೀರ. ಒಳಗೆ ಪುಟ್ಟ ಕೆಂಪು ಕುರ್ಚಿಯಲ್ಲಿ ಪಾಪಣ್ಣ, ಅವನ ಎಡಕ್ಕೆ ದೊಡ್ಡ ಕುರ್ಚಿಯಲ್ಲಿ ಉಪಾಧ್ಯೆ. ಫೋಟೋ ತೆಗೆಸಿಕೊಳ್ಳುವವರ ಹಾಗೆ ಬೆನ್ನು ನೆಟ್ಟಗೆ, ತೊಡೆಯ ಮೇಲೆ ನಿಯಮಾವಳಿ. ಒಳಗೆ ಗೆರೆ ಕಾಣುವುದಿಲ್ಲ, ಹಾಗಾಗಿ ನೌಕರಿಗೆ ಸೇರಿದ ಮೇಲೆ ಮೊಟ್ಟಮೊದಲ ಸಲ ಅವರು ಕಾರ್ಟೂನು ನೋಡಲೇಬೇಕಾಗಿತ್ತು.

ಚಿತ್ರ ಸುರುವಾಯಿತು. ಹುಡುಗಿ ಬೆಲ್ಲಕ್ಕೆ ಆಸೆಪಟ್ಟು ಏಣಿಗೆ ಕಾಲಿಟ್ಟಳು. ಅಟ್ಟ ಕಪ್ಪಗಿತ್ತು, ಶಾಂತವೀರನ ಕೈಯ ಕಪ್ಪು, ಒಳಗೊಳಗೇ ಏನೋ ಅಲುಗಾಡುವಂಥ ಕಪ್ಪು. ಗೆರೆ ಏರತೊಡಗಿತು. ಪಾಪಣ್ಣನ ಕುತ್ತಿಗೆ ಎಡಕ್ಕೆ ಹೊರಳಿತು. ಉಪಾಧ್ಯೆ ಅವನನ್ನು ನೋಡಲಿಲ್ಲ. ಅವರು ಬಾಯಿ ತೆರೆದುಕೊಂಡು ಅಟ್ಟ ನೋಡುತ್ತಿದ್ದರು.

"ಅವನ ಕಡೆ ನೋಡ್ರಿ ಸರ, ನೋಡ್ರಿ," ಎಂದು ನೀಲಾಂಬಿಕಾ ಗಾಜಿಗೆ ಹಣೆ ಹಚ್ಚಿ ಪಿಸುಗುಟ್ಟಿದಳು. ಒಳಗಿನ ಸದ್ದು ಸ್ಪೀಕರಿನಲ್ಲಿ ಹೊರಗೆ ಕೇಳುತ್ತಿತ್ತು, ಹೊರಗಿನ ಮಾತು ಒಳಗೆ ಕೇಳುತ್ತಿರಲಿಲ್ಲ.

ಹುಡುಗಿ ಬೆಲ್ಲದ ಗಡಿಗೆಗೆ ಕೈ ಹಾಕಿದಳು. ಗಡಿಗೆಯ ಹಿಂದೆ ಒಂದೇ ಒಂದು ಕಣ್ಣು ತೆರೆಯಿತು. ಆಮೇಲೆ ಹಲ್ಲು. ಆಮೇಲೆ ಇಡೀ ಗುಮ್ಮ ಎದ್ದು ನಿಂತ.

"ಅಯ್ಯಯ್ಯಪ್ಪಾ!" ಎಂದು ಡಾ. ಜೀವಂಧರ ಉಪಾಧ್ಯೆ ಎರಡೂ ಕಾಲು ಕುರ್ಚಿಯ ಮೇಲೆ ಎಳೆದುಕೊಂಡರು.

ಪಾಪಣ್ಣ ನೋಡುತ್ತಿದ್ದದ್ದು ಅವರ ಮುಖವನ್ನೇ. ದೊಡ್ಡವರೇ ಹೀಗೆ ಬೆಚ್ಚಿದರೆ ಸಣ್ಣವರ ಗತಿಯೇನು? ಗೆರೆ ನೆಗೆದು ಕೆಂಪು ಪಟ್ಟಿಯ ಕೂದಲೆಳೆ ಕೆಳಗೆ ಹೋಗಿ ನಿಂತಿತು. ಪೆಟ್ಟಿಗೆಯೊಳಗಿಂದ ಸಣ್ಣಗೆ ಕುಂಯ್ ಎಂಬ ಅಳು ಬಂತು. ಶಾಂತವೀರ ಗೋಡೆಯ ಕಡೆಗೆ ತಿರುಗಿ ಕಣ್ಣು ಮುಚ್ಚಿಕೊಂಡ. "ಹೋತು," ಎಂದ. "ಹೋತ್ರಿ ನಮ್ಮ ಗುಮ್ಮ."

ಆ ಅಳು ಉಪಾಧ್ಯೆಯವರಿಗೆ ಕೇಳಿಸಿತು. ತಿರುಗಿ ನೋಡಿದರು. ಎರಡು ಕ್ಯಾಮೆರಾ ಕಣ್ಣು ತಮ್ಮನ್ನೇ ನೋಡುತ್ತಿವೆ. ಬೇರೆ ಯಾರೂ ಇಲ್ಲ ಎಂಬಂತೆ, ಏನು ಮಾಡಬೇಕೆಂದು ನೀವೇ ಹೇಳಿ ಎಂಬಂತೆ ನೋಡುತ್ತಿವೆ. ಅವರನ್ನು ಆ ತನಕ ಯಾರೂ ಹಾಗೆ ನೋಡಿರಲಿಲ್ಲ. ಅವರ ಮುಖ ಕೆಂಪಾಯಿತು. ಆಮೇಲೆ ಅವರು ಕಾಲು ಕೆಳಗಿಳಿಸಿ, ಎದ್ದು ನಿಂತು, ತೊಡೆಯ ಮೇಲಿದ್ದ ನಿಯಮಾವಳಿಯನ್ನು ಎರಡೂ ಕೈಯಲ್ಲಿ ಎತ್ತಿ ಪರದೆಯ ಮೇಲಿನ ಗುಮ್ಮನ ನೆತ್ತಿಗೆ ಫಟ್ ಎಂದು ಬಾರಿಸಿದರು.

"ಏ ಗುಮ್ಮಾ! ನಮ್ಮ ಕೂಸಿಗೆ ಅಂಜಸ್ತೀಯೇನೋ? ತಗೋ! ಇನ್ನೊಂದು ಬೇಕಾ? ತಗೋ!"

ಚಿಕ್ಕಂದಿನಲ್ಲಿ ಅವರ ಅವ್ವ ನೆಲಕ್ಕೆ ಹೊಡೆದದ್ದು ಐವತ್ತು ವರ್ಷ ಅವರ ಕೈಯಲ್ಲೇ ಕೂತಿತ್ತೆಂದು ಕಾಣುತ್ತದೆ. ಹೊಡೆಯುವ ಲಯ ಕೂಡ ತಪ್ಪಲಿಲ್ಲ. ಹೊಡೆದು ಮುಗಿಸಿ, ಪಾಪಣ್ಣನ ಕಡೆಗೆ ತಿರುಗಿ, "ನೋಡು, ಹೊಡದೆ. ಅಂಜಬ್ಯಾಡ," ಎಂದರು. ಮೀಸೆಯಡಿ ನಗು ಬಂದಿತ್ತು.

ನೀಲಾಂಬಿಕಾ ಗೆರೆ ನೋಡಿದಳು. ಬೆಟ್ಟದಿಂದ ಉರುಳಿದ ಗುಂಡಿನ ಹಾಗೆ ಅದು ಕೆಳಗೆ ಬರುತ್ತಿತ್ತು. ಅದೇ ಹೊತ್ತಿಗೆ ಚಿತ್ರದಲ್ಲಿ ಕುಕ್ಕರು ಸೀಟಿ ಹೊಡೆಯಿತು, ಒಕ್ಕಣ್ಣಿನ ಗುಮ್ಮ ಎರಡೂ ಕಿವಿ ಮುಚ್ಚಿಕೊಂಡು ಹುಡುಗಿಯ ಲಂಗದ ಹಿಂದೆ ಅಡಗಿದ. ಆಗ ಒಳಗಿನ ಕೋಣೆಯಿಂದ ಒಂದು ಸದ್ದು ಬಂತು. ಗಡಿಗೆಯಿಂದ ನೀರು ಗುಳುಗುಳು ಎಂದು ಬಗ್ಗಿಸಿದಂಥ ಸದ್ದು. ಅದೇನೆಂದು ಅವಳಿಗೆ ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ನೆನಪಾಯಿತು, ಎರಡು ವರ್ಷದ ಹಿಂದೆ ಅವಳೇ ಇಟ್ಟಿದ್ದ ನಗು ಅದು. ಯಾರೂ ಅದನ್ನು ಕೇಳಿಯೇ ಇರಲಿಲ್ಲ.

ಚಿತ್ರ ಮುಗಿಯಿತು. ಪಾಪಣ್ಣ ಒಮ್ಮೆ ಪರದೆ ನೋಡಿದ, ಒಮ್ಮೆ ಉಪಾಧ್ಯೆಯವರನ್ನು ನೋಡಿದ.

"ಇನ್ನೊಮ್ಮಿ," ಎಂದ.

ಶಾಂತವೀರ ನಿಂತಲ್ಲೇ ಕುಸಿದು ಕೂತು, ಬಣ್ಣದ ಕೈಯಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ನೀಲಾಂಬಿಕಾಳ ಕಣ್ಣೂ ತುಂಬಿತ್ತು. ಆದರೂ ನಿಯಮ ನಿಯಮವೇ. ಚಿತ್ರ ಮುಗಿದ ತಕ್ಷಣ ನೆನಪು ಅಳಿಸಬೇಕು. ಅವಳ ಬೆರಳು ಗುಂಡಿಯ ಮೇಲೆ ಹೋಯಿತು. ಅಷ್ಟರಲ್ಲಿ ಒಳಗಿನ ಬಾಗಿಲು ತೆರೆದು ಉಪಾಧ್ಯೆ ತಲೆ ಹೊರಗೆ ಹಾಕಿದರು.

"ಏನ್ ಮಾಡ್ಲಿಕತ್ತೀರಿ?"

"ಅಳಸ್ಲಿಕತ್ತೇನ್ರಿ ಸರ. ನಿಯಮ ಅದಲ್ರಿ..."

"ಕೂಸು ಇನ್ನೊಮ್ಮಿ ಅಂತ ಕೇಳೂ ಮುಂದ ಅಳಸ್ತೀರೇನ್ರಿ? ಕರುಳು ಅದನೋ ಇಲ್ಲೋ ನಿಮಗ? ಹಾಕ್ರಿ ಮತ್ತ!"

ಮತ್ತೆ ಹಾಕಿದರು. ಎರಡನೆಯ ಸಲ ಗುಮ್ಮ ಎದ್ದಾಗ ಗೆರೆ ಅರ್ಧ ಕೂಡ ಏರಲಿಲ್ಲ. ಮೂರನೆಯ ಸಲ, ಗುಮ್ಮ ಬರುವುದಕ್ಕೆ ಮೊದಲೇ ಪಾಪಣ್ಣ ಎಡಕ್ಕೆ ಹೊರಳಿ ಉಪಾಧ್ಯೆಯವರನ್ನು ನೋಡಿದ. ಈಗ ಬರುತ್ತಾನೆ, ಪುಸ್ತಕ ತಯಾರಿಟ್ಟುಕೋ ಎನ್ನುವ ಹಾಗೆ.

ಮಧ್ಯಾಹ್ನ ಪ್ರಮಾಣಪತ್ರ ಬರೆಯಲು ಕೂತಾಗ ಹೊಸ ತೊಡಕು ಎದ್ದಿತು. ಅಚ್ಚಾದ ಹಾಳೆಯಲ್ಲಿ ಇದ್ದದ್ದು ಎರಡೇ ಮಾತು, 'ಯೋಗ್ಯ', 'ಅಯೋಗ್ಯ'. ಒಂಟಿಯಾಗಿ ನೋಡಿದರೆ ಈ ಚಿತ್ರ ಅಯೋಗ್ಯವೇ, ಅದು ಸುಳ್ಳಲ್ಲ. ಉಪಾಧ್ಯೆ ಪೆನ್ನು ಕಚ್ಚುತ್ತ ಯೋಚಿಸಿ, ಎರಡೂ ಮಾತನ್ನು ಹೊಡೆದುಹಾಕಿ, ಕೆಳಗೆ ಸ್ವಂತ ಅಕ್ಷರದಲ್ಲಿ ಬರೆದರು: 'ಹಿರಿಯರ ತೊಡೆಯ ಮೇಲೆ ಕುಳಿತು ನೋಡಲು ಯೋಗ್ಯ.'

"ಗುಮ್ಮನ ಹಲ್ಲು ಸರ?" ಎಂದು ಶಾಂತವೀರ ಕೇಳಿದ.

"ಇರ್ಲಿ ಬಿಡ್ರಿ. ಹೊಡಿಲಿಕ್ಕೆ ಅನುಕೂಲ ಆಗತದ."

ಆ ತಿಂಗಳು 'ಅಟ್ಟದ ಗುಮ್ಮ' ಮನೆಮನೆಗೆ ಬಂತು. ಎಡ ಮೂಲೆಯಲ್ಲಿ 'ತೊ' ಎಂಬ ದುಂಡನೆಯ ಮುದ್ರೆ. ಮುದ್ರೆ ಕಂಡರೆ ಮಕ್ಕಳು ಮೊದಲು ತೊಡೆ ಹುಡುಕುತ್ತಿದ್ದರು. ನೀಲಾಂಬಿಕಾಳ ಮನೆಯಲ್ಲಿ ತನಿ ಅಜ್ಜಿಯ ತೊಡೆ ಏರಿ, ಸೀರೆಯ ಸೆರಗಿನ ಸಂದಿಯಿಂದ ಒಂದೇ ಕಣ್ಣಲ್ಲಿ ಗುಮ್ಮನನ್ನು ನೋಡಿದಳು. ಬಸಲಿಂಗವ್ವ ಲಟ್ಟಣಿಗೆಯಿಂದ ಟಿವಿಯ ಗುಮ್ಮನಿಗೆ ಬಾರಿಸಿದ ಹೊಡೆತಕ್ಕೆ ಟಿವಿ ಒಂದು ಗಳಿಗೆ ಬಣ್ಣ ಕಳೆದುಕೊಂಡಿತು. ಆ ಸಡಗರದಲ್ಲಿ ತನಿಯ ಹೊಟ್ಟೆಗೆ ಒಂದೂವರೆ ರೊಟ್ಟಿ ಇಳಿದದ್ದು ಯಾರಿಗೂ ಗೊತ್ತಾಗಲಿಲ್ಲ. ಮರುದಿನ ಅವಳು ಏಣಿ ತರಲು ಹೇಳಿದಳು. ಮನೆಯಲ್ಲಿ ಅಟ್ಟವಿರಲಿಲ್ಲ, ಅದಕ್ಕೇ ಮಂಚದ ಕೆಳಗಿನ ಕತ್ತಲೊಳಗೆ ತಾನೊಬ್ಬಳೇ ನುಸುಳಿ, "ಗುಮ್ಮಾ, ಅಂಜಬ್ಯಾಡ, ಕುಕ್ಕರ್ ಬಂದ್ ಮಾಡ್ಯಾರ," ಎಂದು ಕೂಗಿದಳು. ನೀಲಾಂಬಿಕಾ ಆ ಮಾತನ್ನು ಫೋನಿನಲ್ಲಿ ಹಿಡಿದು ಗದಗಿಗೆ ಕಳಿಸಿದಳು.

ಕೇಂದ್ರಕ್ಕೆ ಈಗ ಕೆಲಸ ಮೈತುಂಬ. ಎರಡು ವರ್ಷದ ನಪಾಸು ಚಿತ್ರಗಳನ್ನೆಲ್ಲ ಹೊರತೆಗೆದು ಮತ್ತೆ ಪರೀಕ್ಷಿಸಬೇಕಿತ್ತು. ತಲೆ ಕಿತ್ತು ಚೆಂಡಾಡುವ ಮೊಲಕ್ಕೆ ಪಾಪಣ್ಣ ಎಷ್ಟು ಜನರ ನಡುವೆ ಕೂತರೂ "ಸಾಕು" ಅಂದ. ಅದು ಸರಿಯೇ ಅಂದರು ಎಲ್ಲರೂ. ಎಡಗಡೆಯ ಕುರ್ಚಿಯಲ್ಲಿ ಸರದಿಯ ಮೇಲೆ ಕೂಡಬೇಕೆಂದು ನಿಯಮವಾಯಿತು, ಆದರೆ ಉಪಾಧ್ಯೆಯವರ ಸರದಿ ಯಾಕೋ ಮೇಲಿಂದ ಮೇಲೆ ಬರುತ್ತಿತ್ತು.

ಒಂದು ಸಂಜೆ ನೀಲಾಂಬಿಕಾ ಬಸ್ ನಿಲ್ದಾಣದ ತನಕ ಹೋದವಳು ಬುತ್ತಿಡಬ್ಬಿ ಮರೆತದ್ದು ನೆನಪಾಗಿ ತಿರುಗಿ ಬಂದಳು. ಎಲ್ಲರೂ ಹೋದಂತಿತ್ತು, ಬಾಗಿಲಲ್ಲಿ ಉಪಾಧ್ಯೆಯವರ ಚಪ್ಪಲಿ ಮಾತ್ರ ಇದ್ದವು. ಹಿಂದಿನ ಕೋಣೆಯ ಬಾಗಿಲ ಸಂದಿಯಿಂದ ಪರದೆಯ ಬೆಳಕು ಬೀಳುತ್ತಿತ್ತು, ಕುಕ್ಕರಿನ ಸೀಟಿ ಕೇಳಿಸಿತು, ಗುಮ್ಮ ಕಿವಿ ಮುಚ್ಚಿಕೊಂಡಿರಬೇಕು, ಗುಳುಗುಳು ನಗುವೂ ಕೇಳಿಸಿತು. ಚಿತ್ರ ಮುಗಿಯಿತು.

ಆಮೇಲೆ ಒಳಗಿನಿಂದ, ನಾಚಿಕೊಂಡಂಥ ಮೆಲುದನಿಯಲ್ಲಿ, "ಇನ್ನೊಮ್ಮಿ," ಎಂದು ಯಾರೋ ಅಂದರು.

ದನಿ ಪಾಪಣ್ಣನದಾಗಿರಲಿಲ್ಲ. ನೀಲಾಂಬಿಕಾ ಬುತ್ತಿಡಬ್ಬಿಯನ್ನು ಸದ್ದಾಗದ ಹಾಗೆ ಎತ್ತಿಕೊಂಡು ಬಸ್ಸಿಗೆ ನಡೆದಳು.